ವಗ್ಗದ ತಿರುವಿನಲ್ಲಿ ಮೂರು ಮಕ್ಕಳ ಆಸನ ಕಿತ್ತ ಅಧಿಕಾರಿಗಳಿಗೆ

ಮೋಟಾರು ವಾಹನ ತಪಾಸಣಾಧಿಕಾರಿಗಳಾದ ಮಾನ್ಯರೇ,

ಕಳೆದ ಶಿವರಾತ್ರಿಯ ಮರುದಿನ ವಗ್ಗದ ತಿರುವಿನಲ್ಲಿ ನೀವು ಒಂದು ಬಾಡಿಗೆ ಕಾರನ್ನು ನಿಲ್ಲಿಸಿದಿರಿ. ಅದರ ಹಿಂದಿನ ಸೀಟಿಗೆ ಬಿಗಿದಿದ್ದ ಮಕ್ಕಳ ಮೂರು ಆಸನಗಳನ್ನು ಕಿತ್ತು ನಿಮ್ಮ ಜೀಪಿಗೆ ಹಾಕಿಕೊಂಡಿರಿ. ಅವುಗಳಲ್ಲಿ ಕುಳಿತಿದ್ದ ಮೂರು ಹೆಣ್ಣುಮಕ್ಕಳನ್ನು ರಸ್ತೆಯ ಬದಿಯಲ್ಲಿ ಬಿಟ್ಟು ಹೊರಟುಹೋದಿರಿ. ನಿಮ್ಮ ಜೀಪಿನ ಧೂಳು ಅಡಗಿ ಸ್ವಲ್ಪ ಹೊತ್ತಿನಲ್ಲೇ ಆ ಮೂವರಲ್ಲಿ ಒಬ್ಬಳ ತೊಡೆಯ ಮೂಳೆ ಮುರಿಯಿತು. ನನ್ನ ದೂರು ಇದೇ. ಇದನ್ನು ಲಕೋಟೆಯಲ್ಲಿಟ್ಟು ನಿಮಗೊಬ್ಬರಿಗೇ ಕಳುಹಿಸಬಹುದಿತ್ತು. ಆದರೆ ಲಕೋಟೆ ಒಡೆಯುವುದು ನಿಮ್ಮ ಗುಮಾಸ್ತರು, ಓದದೆ ಬದಿಗಿಡುವುದು ನೀವು. ಆದ್ದರಿಂದ ಊರೆಲ್ಲ ಓದಿ ಮುಗಿಸಿದ ಮೇಲೆ ನಿಮ್ಮ ಕೈಗೆ ಬರಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಮಡಂತ್ಯಾರಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಮೂವರಲ್ಲಿ ಒಬ್ಬಳು, ಕುಸುಮ, ನನ್ನ ಮಗಳು. ಎರಡು ವರ್ಷದ ಹಿಂದೆ ಅವಳಿಗೆ ಜ್ವರ ಬಂತು. ಜ್ವರ ಇಳಿದಾಗ ಸೊಂಟದಿಂದ ಕೆಳಗೆ ಶಕ್ತಿ ಇರಲಿಲ್ಲ. ಅದೇ ಮಳೆಗಾಲದಲ್ಲಿ ಗೇಣಿಗೆ ಗದ್ದೆ ಮಾಡುವ ಪೂವಮ್ಮನ ಮಗಳು ಕಾಂತಿಗೂ, ಬಾಡಿಗೆ ಕಾರು ಓಡಿಸುವ ಅಬ್ದುಲ್ ಹಕೀಂ ಅವರ ಮಗಳು ಸೈನಬಳಿಗೂ ಹಾಗೆಯೇ ಆಯಿತು. ಪೋಲಿಯೋ ಎಂಬ ಹೆಸರನ್ನು ನಾವು ಮೂರು ಮನೆಯವರೂ ಆಗಲೇ ಮೊದಲು ಕೇಳಿದ್ದು. ಬಂಟ್ವಾಳದಲ್ಲಿ ಒಬ್ಬರು ಡಾಕ್ಟರರು ಇಂಥ ಮಕ್ಕಳಿಗೆ ಬಿಸಿನೀರಿನ ಶಾಖ ಕೊಟ್ಟು ಕೈಕಾಲಿನ ವ್ಯಾಯಾಮ ಮಾಡಿಸುತ್ತಾರೆಂದು ತಿಳಿಯಿತು. ಹಕೀಮರು ಮಗಳನ್ನು ಅಲ್ಲಿಗೆ ಕರೆದೊಯ್ಯತೊಡಗಿದರು. ಒಂದು ದಿನ ನಮ್ಮ ಶಾಲೆಯ ಮುಂದೆ ಕಾರು ನಿಲ್ಲಿಸಿ, “ಟೀಚರೇ, ಹಿಂದಿನ ಸೀಟು ಖಾಲಿ ಉಂಟು. ನನ್ನ ಮಗಳೊಬ್ಬಳೇ ನಡೆದರೆ ಅವಳಿಗೆ ಆಡ್ಲಿಕ್ಕೆ ಯಾರು? ಮೂವರನ್ನೂ ಕರಕೊಂಡು ಹೋಗುವ” ಎಂದರು. ನಾನು ಬಾಡಿಗೆಯ ಮಾತೆತ್ತಿದ್ದಕ್ಕೆ ಸಿಟ್ಟಾಗಿ ಗೇರು ಹಾಕಿಯೇ ಬಿಟ್ಟರು.

ಕರೆದೊಯ್ಯುವುದೇನೋ ಸರಿ, ಕೂರಿಸುವುದು ಹೇಗೆ? ಸೊಂಟ ನಿಲ್ಲದ ಮಗು ಕಾರಿನ ಸೀಟಿನಲ್ಲಿ ಕೂರುವುದಿಲ್ಲ, ಜಾರುತ್ತದೆ. ಒಂದು ಮಗು ಜಾರಿದರೆ ಪಕ್ಕದ ಮಗುವಿನ ಮೇಲೆ, ಅದು ಮುಂದಿನದರ ಮೇಲೆ. ಪುಂಜಾಲಕಟ್ಟೆ ದಾಟುವಷ್ಟರಲ್ಲಿ ಮೂವರೂ ಒಂದು ಮೂಲೆಗೆ ಬಂದು ಅಳುತ್ತಿದ್ದರು. ಮೂವರು ತಾಯಂದಿರು ಒಬ್ಬೊಬ್ಬರನ್ನು ಮಡಿಲಲ್ಲಿಟ್ಟು ಹೋಗಬಹುದಿತ್ತು. ಆದರೆ ನಾಟಿಯ ದಿನ ಪೂವಮ್ಮ ಗದ್ದೆ ಬಿಟ್ಟು ಬರುವುದು ಹೇಗೆ? ಹಕೀಮರ ಹೆಂಡತಿ ಆಗ ತುಂಬು ಬಸುರಿ. ಹೀಗಾಗಿ ಸೀಟಿನ ಮೇಲೆ ಬಿಗಿಯುವಂತೆ ಮೂರು ಪುಟ್ಟ ಕುರ್ಚಿ ಮಾಡಿಸಿದೆವು. ಎರಡು ಚೆನ್ನಾಗಿಯೇ ಕೂತವು. ಮೂರನೆಯದನ್ನು ಇಟ್ಟರೆ ಕಾರಿನ ಬಾಗಿಲು ಮುಚ್ಚುವುದಿಲ್ಲ! ಎಷ್ಟು ದಬ್ಬಿದರೂ ನಾಲ್ಕು ಬೆರಳು ಹೊರಗೆ. “ಮೂರನೆಯವಳನ್ನು ಡಿಕ್ಕಿಯಲ್ಲಿ ಇಡ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದು ಹಕೀಮರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಮತ್ತೆ ಒಡೆದು ಮಾಡಿಸಿದೆವು. ಇಬ್ಬರು ಮಕ್ಕಳ ನಡುವೆ ಎರಡು ಹಲಗೆಯ ಬದಲು ಒಂದೇ ಹಲಗೆ. ಭುಜಕ್ಕೆ ಭುಜ ತಾಗದಂತೆ ನಡುವಿನ ಆಸನ ಒಂದು ಗೇಣು ಮುಂದಕ್ಕೆ. ಕಾಂತಿಯ ಬಲಗಾಲಿಗೆ ಮಡಚಲಾಗದ ಕಬ್ಬಿಣದ ಪಟ್ಟಿ ಕಟ್ಟಿತ್ತು. ಅದು ಚಾಚಿಕೊಳ್ಳಲು ಎಡೆಯಾಗುವಂತೆ ಅವಳು ಎಡಬಾಗಿಲ ಬದಿಗೆ. ಮೂರೂ ಸೇರಿ ಒಂದೇ ಚೌಕಟ್ಟು, ಅದನ್ನು ಕಾರಿನ ತಳಕ್ಕೆ ಬೋಲ್ಟು ಹಾಕಿ ಬಿಗಿದದ್ದು. ಎದೆಗೆ ಕಟ್ಟುವ ಚರ್ಮದ ಪಟ್ಟಿ ಮಕ್ಕಳಿಗೆ ತರಚಬಾರದೆಂದು ನನ್ನ ಮದುವೆಯ ಕೆಂಪು ಸೀರೆಯ ಸೆರಗು ಹರಿದು ಸುತ್ತಿದೆ. ಬಾಗಿಲು ಸರಿಯಾಗಿ ಮುಚ್ಚಿಕೊಂಡ ಸಂಜೆ ಪೂವಮ್ಮ ಅಂಗಳದಲ್ಲಿ ನಿಂತು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಆಮೇಲೆ ಮೂವರೂ ಕಿಟಕಿಯ ಹೊರಗೆ ನೋಡುತ್ತ, ಎದುರು ಬರುವ ಬಸ್ಸುಗಳಿಗೆ ಕೈಬೀಸುತ್ತ ಬಂಟ್ವಾಳಕ್ಕೆ ಹೋಗಿಬಂದರು. ಮಾಘ ಮಾಸದಲ್ಲಿ ಕಾಂತಿ ಗೋಡೆ ಹಿಡಿದು ಎದ್ದು ನಿಂತಳು.

ಇಂಥ ಭಯಂಕರ ಅಪರಾಧವನ್ನು ತಾವು ಪತ್ತೆಹಚ್ಚಿದಿರಿ.

ಅಂದು ಬಂಟ್ವಾಳದಿಂದ ಮರಳುತ್ತಿದ್ದೆವು. ಕಾರಿನಲ್ಲಿ ದೊಡ್ಡವರೆಂದರೆ ನಾನು ಮತ್ತು ಹಕೀಮರು. ನೀವು ಕೈ ತೋರಿಸಿದಿರಿ, ಅವರು ನಿಲ್ಲಿಸಿದರು. ಬ್ರೇಕು ನೋಡಲಿಲ್ಲ, ದೀಪ ನೋಡಲಿಲ್ಲ. ಹಿಂದಿನ ಬಾಗಿಲು ತೆರೆದು ಕೇಳಿದಿರಿ: “ಏನ್ರೀ ಇದು? ಕಾರೋ, ತೊಟ್ಟಿಲೋ?”

“ಮಕ್ಕಳಿಗೆ ಕೂರ್ಲಿಕ್ಕೆ ಆಗುದಿಲ್ಲ ಸ್ವಾಮಿ. ಬೀಳ್ತಾರೆ ಅಂತ ಮಾಡಿಸಿದ್ದು” ಎಂದರು ಹಕೀಮರು.

“ಯಾರನ್ನ ಕೇಳಿ ಮಾಡಿಸಿದೆ? ಸರ್ಕಾರ ಕೊಟ್ಟ ಸೀಟಿನ ಮೇಲೆ ನೀನೊಂದು ಸೀಟು ಹಾಕ್ತೀಯಾ? ಕೀಳಿಸ್ತೀನಿ ನೋಡು.”

ನಾನು ಕಾಲಿನ ಪಟ್ಟಿಗಳನ್ನು ತೋರಿಸಿದೆ. ಡಾಕ್ಟರರ ಮನೆಗೆ ಹೋಗಿ ವಿಚಾರಿಸಿರೆಂದು ಬೇಡಿದೆ. ಇನ್ನು ಕೆಲವೇ ಮೈಲು, ಮನೆ ಮುಟ್ಟಿಸಿ ನಾವೇ ತಂದೊಪ್ಪಿಸುತ್ತೇವೆ ಎಂದೂ ಹೇಳಿದೆ. ನೀವು ನನ್ನ ಮುಖ ನೋಡಲಿಲ್ಲ. ನಿಮ್ಮ ಜವಾನ ಬೋಲ್ಟು ತಿರುಗಿಸಲು ಬಾರದೆ ಹಾರೆಯಿಂದ ಮೀಟಿದ. ಅಷ್ಟು ಹೊತ್ತೂ ಮೂರು ಮಕ್ಕಳು ಉರಿಬಿಸಿಲಿನಲ್ಲಿ ಹಕೀಮರು ಹೆಗಲಿನಿಂದ ತೆಗೆದು ಹಾಸಿದ ಬೈರಾಸಿನ ಮೇಲೆ ಒಬ್ಬರಿಗೊಬ್ಬರು ಒರಗಿ ಬಿದ್ದಿದ್ದರು. ತಿರುವಿನ ಹೋಟೆಲಿನಿಂದ ಜನ ಬಂದು ಸುತ್ತ ನಿಂತರು. ನನ್ನ ಮಗಳು ಕೇಳಿದಳು: “ಅಮ್ಮ, ನಾವು ಕದ್ದದ್ದಾ?”

ನೀವು ಅದನ್ನು ಕೇಳಿಸಿಕೊಂಡಿರಿ. ನಿಮ್ಮ ಮುಖವನ್ನು ನಾನು ನೋಡುತ್ತಿದ್ದೆ. ಕೇಳಿಸಿಕೊಂಡೇ ಜೀಪು ಹತ್ತಿದಿರಿ.

ಆಮೇಲಿನದನ್ನೂ ಕೇಳಿ. ಕುಸುಮಳನ್ನು ಮಡಿಲಲ್ಲಿಟ್ಟೆ, ಸೈನಬಳನ್ನು ಬಲತೋಳಿನಲ್ಲಿ ಅವುಚಿಕೊಂಡೆ. ಕಾಲು ಮಡಚಲಾಗದ ಕಾಂತಿಯನ್ನು ಮೂಲೆಗೆ ಒರಗಿಸಿ ಎಡಗೈಯಿಂದ ಅವಳ ಲಂಗ ಹಿಡಿದೆ. ಹಕೀಮರು ಎತ್ತಿನ ಗಾಡಿಗಿಂತ ಮೆಲ್ಲಗೆ ಓಡಿಸುತ್ತಿದ್ದರು. ಕಾವಳಕಟ್ಟೆಯ ಹತ್ತಿರ ಒಂದು ಎಮ್ಮೆ ಗುಡ್ಡದಿಂದ ನೇರ ರಸ್ತೆಗೆ ಇಳಿಯಿತು. ಬ್ರೇಕು ಹಾಕಿದರು. ನಿಮ್ಮ ಸಮಾಧಾನಕ್ಕೆ ಹೇಳುತ್ತೇನೆ, ಬ್ರೇಕು ಬಹಳ ಚೆನ್ನಾಗಿ ಹಿಡಿಯಿತು. ನನ್ನ ಕೈಯಲ್ಲಿ ಲಂಗದ ಅಂಚು ಉಳಿಯಿತು, ಕಾಂತಿ ಉಳಿಯಲಿಲ್ಲ. ಮುಂದಿನ ಸೀಟಿಗೆ ಬಡಿದು ಕೆಳಗೆ ಬಿದ್ದಳು. ಕಬ್ಬಿಣದ ಪಟ್ಟಿ ಇದ್ದ ಕಾಲು ಅಡಿಯಲ್ಲಿ ಸಿಕ್ಕಿತು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಕಾರು ತಿರುಗಿಸಿ ಬಂಟ್ವಾಳಕ್ಕೆ ಹೋದೆವು. ಪೂವಮ್ಮನಿಗೆ ಸುದ್ದಿ ಹೇಳುವ ಕೆಲಸ ನನ್ನದಾಯಿತು. ಗದ್ದೆಯ ಬದುವಿನ ಮೇಲೆ ನಿಂತು ಹೇಳಿದೆ. ಅವಳು ಕೈಯ ಕೆಸರು ತೊಳೆದುಕೊಂಡು ಬಂದು ನನ್ನ ತೋಳು ಹಿಡಿದಳು. “ನಿಮಗೆ ಇರುದು ಎರಡು ಕೈ, ಟೀಚರೇ. ಮೂರು ಮಕ್ಕಳನ್ನು ಹಿಡಿಯುದು ಹೇಗೆ? ಅಳ್ಬೇಡಿ” ಎಂದಳು. ಅವಳು ಬೈದಿದ್ದರೆ ಒಂದು ದಿನ ನಿಮ್ಮನ್ನು ಮರೆಯುತ್ತಿದ್ದೆನೋ ಏನೋ. ಬೈಯಲಿಲ್ಲವಲ್ಲ, ಆ ಬೈಗುಳವೆಲ್ಲ ನನ್ನಲ್ಲಿ ಉಳಿದು ನಿಮಗಾಗಿ ಕಾದಿದೆ.

ಆಸನಗಳನ್ನು ಹಿಂದಕ್ಕೆ ಕೊಡಿ ಎಂದು ನಿಮ್ಮ ಕಚೇರಿಗೆ ಬಂದೆ. “ಮುಟ್ಟುಗೋಲಿನ ಮಾಲು, ಸಾಹೇಬರ ವಶದಲ್ಲಿ ಉಂಟು” ಎಂದರು ಗುಮಾಸ್ತರು. ಅವರು ಸುಳ್ಳು ಹೇಳಿರಲಿಲ್ಲ. ಎಂಥ ವಶದಲ್ಲಿ ಎಂಬುದು ಗೊತ್ತಾದದ್ದು ಬೇಸಿಗೆ ರಜೆಯ ಮೊದಲು, ಶಿಕ್ಷಕರ ಸಭೆಗೆ ಹಕೀಮರ ಕಾರಿನಲ್ಲಿ ಮೂಡಬಿದಿರೆಗೆ ಹೋದಾಗ. ಜವಳಿ ಅಂಗಡಿಯ ಎದುರು ನಿಮ್ಮ ಸ್ವಂತ ಕಾರು ನಿಂತಿತ್ತು. ಅದೂ ಹಕೀಮರ ಕಾರಿನ ಮಾದರಿಯದೇ. ಹಿಂದಿನ ಸೀಟಿನಲ್ಲಿ ನಮ್ಮ ಚೌಕಟ್ಟು! ಒಂದು ಆಸನದಲ್ಲಿ ನಿಮ್ಮ ಮಗ, ಇನ್ನೊಂದರಲ್ಲಿ ನಿಮ್ಮ ಮಗಳು, ಎದೆಗೆ ನನ್ನ ಕೆಂಪು ಸೆರಗು. ನಡುವಿನ ಆಸನದಲ್ಲಿ ಒಂದು ಹಲಸಿನ ಹಣ್ಣು, ಅದಕ್ಕೂ ಪಟ್ಟಿ ಬಿಗಿದಿತ್ತು. ತಿರುವಿನಲ್ಲಿ ಹಲಸಿನ ಹಣ್ಣು ಬೀಳಬಾರದೆಂಬ ನಿಮ್ಮ ಕಾಳಜಿಯನ್ನು ಮೆಚ್ಚಿದೆ, ಮಾನ್ಯರೇ. ಹಾಗಾದರೆ ಕಾಯಿದೆ ಹೇಳುವುದೇನು? ನಡೆಯಲಾರದ ಮಕ್ಕಳು ಕುಳಿತರೆ ಅಪರಾಧ, ಓಡಾಡುವ ಮಕ್ಕಳು ಕುಳಿತರೆ ಸುರಕ್ಷತೆ, ಹಣ್ಣು ಕುಳಿತರೆ ಅದೂ ಮನೆಯ ಮಗುವೇ?

ಕಾರಿನಲ್ಲಿದ್ದ ನಿಮ್ಮ ಮನೆಯವರನ್ನು ಕೇಳಿದೆ: “ಅಮ್ಮ, ಈ ಆಸನ ಎಲ್ಲಿಂದ ತಂದದ್ದು?”

“ನಮ್ಮವರು ತಂದ್ರು. ತುಂಬ ಅನುಕೂಲ ಆಗಿದೆ ಕಣಮ್ಮ, ಮಕ್ಕಳು ಜಗಳಾನೇ ಆಡಲ್ಲ” ಎಂದು ಅವರು ನಕ್ಕರು.

ಆಗ ವಗ್ಗದಲ್ಲಿ ನಡೆದದ್ದನ್ನೂ ಕಾವಳಕಟ್ಟೆಯಲ್ಲಿ ನಡೆದದ್ದನ್ನೂ ಹೇಳಿದೆ. ಮೆತ್ತಗೆ ಹೇಳಲಿಲ್ಲ, ಪೇಟೆಗೆಲ್ಲ ಕೇಳುವಂತೆ ಹೇಳಿದೆ. ಆ ತಾಯಿ ಬಿಳಿಚಿಹೋದರು. ಪಟ್ಟಿ ಬಿಚ್ಚಿ ಮಕ್ಕಳನ್ನು ಇಳಿಸಿಕೊಂಡರು. “ತಗೊಂಡ್ಹೋಗಿ” ಎಂದರು. ಹಕೀಮರು ಸ್ಪಾನರು ತಂದು ಬೋಲ್ಟುಗಳನ್ನು ಬಿಚ್ಚಿದರು, ಹಾರೆ ಬೇಕಾಗಲಿಲ್ಲ. ನೀವು ಬಟ್ಟೆಯ ಗಂಟು ಹಿಡಿದು ಹೊರಬಂದು “ಏನ್ ನಡೀತಿದೆ ಇಲ್ಲಿ? ಕಳ್ಳತನ!” ಎಂದು ಕೂಗಿದಿರಿ. ಪೊಲೀಸರನ್ನು ಕರೆಯಿರಿ ಎಂದೆ. ನೀವು ಕರೆಯಲಿಲ್ಲ. “ಯಾರದ್ದು ಈ ಸೀಟು? ಅವರೆದುರಿಗೇ ಹೇಳಿ” ಎಂದು ನಿಮ್ಮ ಹೆಂಡತಿ ಕೇಳಿದಾಗ ನೀವು ಹಲಸಿನ ಹಣ್ಣನ್ನು ಎತ್ತಿಕೊಂಡು ನಿಂತಿರಿ. ಆ ನೋಟಕ್ಕಾಗಿ ದೇವರಿಗೆ ದೀಪ ಹಚ್ಚಿದ್ದೇನೆ. ಸಂಕೋಚವಿಲ್ಲದೆ ಹೇಳುತ್ತೇನೆ, ಬಹಳ ಸುಖವಾಯಿತು.

ಅದಕ್ಕೆ ನಿಮ್ಮ ಉತ್ತರ ವಾರದೊಳಗೆ ಬಂತು. ಕಾರಿನ ತಳದಲ್ಲಿ ತೂತುಗಳಿವೆ, ಪ್ರಯಾಣಿಕರಿಗೆ ಅಪಾಯ ಎಂದು ಹಕೀಮರ ಕಾರು ರಸ್ತೆಗಿಳಿಯದಂತೆ ಮಾಡಿದಿರಿ. ತೂತುಗಳು ಇವೆ ನಿಜ. ನಿಮ್ಮ ಜವಾನನ ಹಾರೆ ಹರಿದು ಅಗಲ ಮಾಡಿದ ತೂತುಗಳು ಅವು. ಈಗ ಕಾರು ಹಕೀಮರ ಮನೆಯ ಮುಂದೆ ನಿಂತಿದೆ, ಅವರು ಬೇರೆಯವರ ಲಾರಿಗೆ ಹೋಗುತ್ತಾರೆ. ಮಕ್ಕಳ ವ್ಯಾಯಾಮ ನಿಂತಿದೆ. ಕಾಂತಿಯ ಕಾಲಿನ ಪ್ಲಾಸ್ಟರು ಬಿಚ್ಚಿದ್ದಾರೆ. ಗೋಡೆಯ ಹತ್ತಿರ ಒಯ್ದರೆ ಅವಳು ಮುಖ ತಿರುಗಿಸುತ್ತಾಳೆ.

ಕ್ಷಮೆ ದೊಡ್ಡ ಗುಣವೆಂದು ನಾನು ತರಗತಿಯಲ್ಲಿ ಕಲಿಸುತ್ತೇನೆ. ನಿಮ್ಮ ವಿಷಯದಲ್ಲಿ ಆ ಪಾಠವನ್ನು ಬಿಟ್ಟಿದ್ದೇನೆ. ಇಷ್ಟು ಬರೆದದ್ದಕ್ಕೆ ನನ್ನನ್ನು ಘಟ್ಟದ ಆಚೆ ಎಲ್ಲಿಗೋ ವರ್ಗ ಮಾಡಿಸುವ ಕೈ ನಿಮ್ಮದಿರಬಹುದು. ಅಲ್ಲಿಗೂ ಪತ್ರಿಕೆ ಬರುತ್ತದೆ, ಅಲ್ಲಿಂದಲೂ ಅಂಚೆ ಹೊರಡುತ್ತದೆ. ಹಕೀಮರ ಕಾರನ್ನು ಮತ್ತೆ ರಸ್ತೆಗೆ ಬಿಡಿ. ಕೂರಲಾರದ ಮಕ್ಕಳಿಗೆ ಆಸನ ಬಿಗಿಯುವುದು ತಪ್ಪಲ್ಲವೆಂದು ನಿಮ್ಮ ಮೊಹರು ಒತ್ತಿ ಬರೆದುಕೊಡಿ, ಮುಂದೆ ಇನ್ನೊಬ್ಬ ತಾಯಿ ಇನ್ನೊಂದು ತಿರುವಿನಲ್ಲಿ ಬೇಡುವಂತಾಗಬಾರದು. ಮತ್ತೆ ಜವಾನನಿಲ್ಲದೆ, ಜೀಪಿಲ್ಲದೆ, ಹಗಲು ಹೊತ್ತಿನಲ್ಲಿ ಪೂವಮ್ಮನ ಅಂಗಳಕ್ಕೆ ನಡೆದು ಬನ್ನಿ. ತಪ್ಪು ನಿಮ್ಮದೆಂದು ಕಾಂತಿಗೆ ಹೇಳಿ. ಅವಳಿಗೆ ಐದು ವರ್ಷ, ಸರಳವಾದ ಕನ್ನಡದಲ್ಲಿ ಹೇಳಿದರೆ ಅರ್ಥವಾಗುತ್ತದೆ.

ಅಲ್ಲಿಯವರೆಗೆ, ಸೋಮವಾರಗಳಂದು ನೀವು ಬಂಟ್ವಾಳದ ಪ್ರವಾಸಿ ಬಂಗಲೆಯಲ್ಲಿ ಕುಳಿತು ಪರವಾನಗಿ ಕೊಡುವಾಗ, ಅದರ ಜಗಲಿಯಲ್ಲಿ ನಾವಿರುತ್ತೇವೆ. ಎತ್ತಿನ ಗಾಡಿಯಲ್ಲಿ ಬರುತ್ತೇವೆ, ಅದಕ್ಕೆ ನಿಮ್ಮ ಅಪ್ಪಣೆ ಬೇಡ. ನಿಮ್ಮ ಬಾಗಿಲ ಎದುರಿಗೇ ಚೌಕಟ್ಟು ಇಟ್ಟು, ಮೂವರನ್ನೂ ಕೂರಿಸಿ, ಪಟ್ಟಿ ಕಟ್ಟುತ್ತೇವೆ. ಬಂದವರು ಕೇಳುತ್ತಾರೆ, ನಾವು ಹೇಳುತ್ತೇವೆ. ನಮ್ಮನ್ನು ಎಬ್ಬಿಸಬೇಕಾದರೆ ಒಂದೊಂದೇ ಮಗುವಿನ ಪಟ್ಟಿ ಬಿಚ್ಚಿ ಎತ್ತಿಕೊಳ್ಳಬೇಕು. ಆ ಕೆಲಸಕ್ಕೆ ಜವಾನನನ್ನು ಕಳುಹಿಸಬೇಡಿ, ನೀವೇ ಬನ್ನಿ. ಕಾಂತಿಯನ್ನು ಎತ್ತುವಾಗ ಬಲತೊಡೆಯ ಕೆಳಗೆ ಕೈ ಕೊಟ್ಟು ಎತ್ತಿ. ಅಲ್ಲಿ ಇನ್ನೂ ನೋಯುತ್ತದೆ.

ಇಂತಿ,
ಎರಡೇ ಕೈಗಳಿರುವ,
ನೀಲಾವತಿ
ಮಡಂತ್ಯಾರು, ೧೯೬೩