ಕೆಂಪು ಕೋಳಿಯ ಅರ್ಧ ಪಾಲು

ಒಡಹುಟ್ಟದಿದ್ದರೂ ನನಗೆ ಅಕ್ಕನಾದ ನೀಲಕ್ಕಾ,

ನಾನು ಕರಪತ್ರ ಬರೆದು ತಂದು ನಿನ್ನೆದುರು ಓದುವಾಗ ಎರಡು ಸಾಲು ಮುಗಿಯುವುದರೊಳಗೆ ನೀನು ಕೈ ಅಡ್ಡ ಹಿಡಿಯುತ್ತಿದ್ದೆ. "ಸಾಕು ತಂಗಿ, ಕಡೀ ಮಾತು ಹೇಳು. ಏನ್ ಬೇಕಾಗೇದ ನಮಗ?" ಅದಕ್ಕೇ ಕಡೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಕಳಿಸಿದ ಐದು ಕೋಳಿಮರಿಗಳಲ್ಲಿ ಎರಡು ನನ್ನ ಕೈಯಲ್ಲಿ ಸತ್ತವು. ಪಾಲಿನ ಮರಿ ಸತ್ತರೆ ಪಾಲುದಾರರ ಹೊಸ್ತಿಲಿಗೆ ಬಂದು ಹೇಳಬೇಕೆಂಬುದು ನೀನೇ ಮಾಡಿದ ಕಾಯ್ದೆ. ನಿನ್ನ ಮನೆಯಿರುವ ಕಾತ್ರಜದ ಗುಡ್ಡ ಹತ್ತಿ ಬರಬಲ್ಲೆ. ಹೊಸ್ತಿಲೂ ಇದೆ. ಅದರ ಮೇಲೆ ಕಾಲು ಚಾಚಿ ಕೂತಿರುತ್ತಿದ್ದವಳು... ಹಾಗಾಗಿ ಬರೆಯುತ್ತಿದ್ದೇನೆ.

ಕಲೆಕ್ಟರ್ ಕಚೇರಿಯ ಮುಂದೆ ಕಟ್ಟಡ ಕಾರ್ಮಿಕರ ಧರಣಿ ನಡೆದಾಗ ನೀನು ತಲೆಯ ಮೇಲೆ ಬುಟ್ಟಿ ಹೊತ್ತು ಬಂದೆ. ರೊಟ್ಟಿ ಇರಬೇಕೆಂದುಕೊಂಡೆವು. ಬಟ್ಟೆ ಸರಿಸಿದರೆ ಕಾವಿಗೆ ಕೂತ ಕೋಳಿ! ಮನೆಯಲ್ಲಿ ಬಿಟ್ಟರೆ ಬೆಕ್ಕು ಬಿಡುವುದಿಲ್ಲ, ಧರಣಿಗೆ ಬರದಿದ್ದರೆ ನಾವು ಬಿಡುವುದಿಲ್ಲ, ಎರಡನ್ನೂ ಕೂಡಿಸಿಯೇ ತಂದೆ ಅಂದೆ. ಕಾವಲಿಗಿದ್ದ ಪೊಲೀಸಪ್ಪ ಲಾಠಿಯಿಂದ ಬುಟ್ಟಿ ತಟ್ಟಿ, "ಹೀ ಪಣ ಮೆಂಬರ್ ಆಹೇ ಕಾ, ಮಾವಶಿ?" ಎಂದು ನಕ್ಕ. ಇದೂ ಸಂಘದ ಮೆಂಬರೇನು ಎಂದು. "ಆಹೇ ಸಾಹೇಬ್," ಅಂದವಳೇ ನಮ್ಮ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದೆ: "ಇವರಂಗ ಕೂತು ತಿನ್ನೂದಿಲ್ಲ ಇದು. ಕೂತು ಕೆಲಸಾ ಮಾಡ್ತದ." ನಾವು ನಕ್ಕ ರೀತಿಗೇ ಅವನಿಗೆ ಅರ್ಥವಾಗಿಹೋಯಿತು. ಆ ದಿನ ನಾನು ಬರೆದು ತಂದಿದ್ದ ಭಾಷಣದ ಒಂದು ಸಾಲೂ ಯಾರಿಗೂ ನೆನಪಿಲ್ಲ. ನಿನ್ನ ಆ ಮಾತನ್ನು ಇವತ್ತಿಗೂ ಹೇಳುತ್ತಾರೆ.

ಆ ಕೋಳಿ ಮರಿ ಮಾಡಿದ ಮೇಲೆ ನೀನು ಮೊದಲ ಸಲ ಕೇಳಿದೆ. "ತಂಗಿ, ಒಂದು ಕೋಳಿ ಪಾಲಿಲೆ ಒಯ್ಯಿ. ನೀ ಸಾಕು. ಮರಿ ಆದ್ರ ಅರ್ಧ ನಿನಗ, ಅರ್ಧ ನನಗ. ಸತ್ರ ಬಂದು ಹೇಳು. ಮುಚ್ಚಿಡಬ್ಯಾಡ. ಕೂತು ಇಬ್ರೂ ಚಹಾ ಕುಡಿಯೋಣು. ಅಷ್ಟ ಕಾಯ್ದೆ." ನನಗೆ ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೈಯಲ್ಲಿ ಬೆಂಕಿ ಎದ್ದಿತು. ನನ್ನಪ್ಪ ಪಾಲಿಗೆ ಹೊಲ ಮಾಡಿ, ಬೆನ್ನು ಮುರಿದುಕೊಂಡು, ಊರು ಬಿಟ್ಟು ಈ ಪುಣೆಯ ಕಲ್ಲುಗಣಿಗೆ ಬಂದವನು. ಪಾಲೆಂದರೆ ಗೌಡರ ಬೂಟು ಎಂದು ಕಲಿತು ಬೆಳೆದವಳು ನಾನು. ನಿನ್ನ ಹೊಸ್ತಿಲಲ್ಲಿ ನಿಂತು ನಿನಗೇ ಉಪನ್ಯಾಸ ಕೊಟ್ಟೆ. ಬಡವರೇ ಬಡವರಿಗೆ ಪಾಲಿಗೆ ಕೊಟ್ಟರೆ ಗೌಡಿಕೆ ಹೇಗೆ ಸಾಯುತ್ತದೆ ಎಂದು ಕೇಳಿದೆ. ನೀನು ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡೆ.

"ಮುಗೀತೇನ?" ಅಂದೆ. "ಗೌಡನ ಹೊಲ ನೀ ಸಾಯೂತನ ಮಾಡಿದ್ರೂ ಗೌಡಂದ. ನನ್ನ ಕೋಳಿ ಒಮ್ಮಿ ಮರಿ ಮಾಡ್ತಂದ್ರ ನೀನೂ ಕೋಳಿ ಇದ್ದಾಕಿ ಆಗ್ತಿ. ಆಮ್ಯಾಲ ನನ್ನ ಹಂಗಿಲ್ಲ. ಯಾವ ಗೌಡ ತನ್ನ ಆಳನ್ನ ಹಂಗ ಬಿಟ್ಟಾನ, ಹೇಳು ನೋಡೋಣು."

ನಾನು ಏನು ಉತ್ತರ ಕೊಟ್ಟೆ? ಸಭೆಗೆ ಹೊತ್ತಾಯಿತು ಅಂದೆ.

ಆಸ್ಪತ್ರೆಯ ಮಂಚದ ಮೇಲೆ ನೀನು ಕೊನೆಯ ಸಲ ಕೇಳಿದೆ. ಪರಿಹಾರದ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಲು ನಾನು ಶಾಯಿಪೆಟ್ಟಿಗೆ ತಂದಿದ್ದೆ. ಮೂಗಿಗೆ ನಳಿಕೆ ಹಾಕಿದ್ದರು. ನೀನು ಅದನ್ನು ಸರಿಸಿ, "ಒಮ್ಮೆರೆ ಕೋಳಿ ಹ್ಯಾಂಗದಾವಂತ ಕೇಳವ್ವಾ," ಅಂದೆ. ಕೇಳಿದೆನೇ? "ಮೊದಲು ಇದು ಮುಗೀಲಿ ಅಕ್ಕ" ಅಂದೆ. ನಿನ್ನನ್ನು ಕೊಂದದ್ದು ಕೆಮ್ಮಲ್ಲ, ಕಲ್ಲು ಕೊಯ್ಯುವ ಯಂತ್ರದ ಧೂಳು. ಮೂಗಿಗೆ ಸೆರಗು ಕಟ್ಟಿಕೊಂಡರೆ ಸಾಕು ಎಂದ ಗುತ್ತಿಗೆದಾರ. ಇದನ್ನೇ ನಿನ್ನ ಶ್ರದ್ಧಾಂಜಲಿ ಸಭೆಯ ಮೈಕಿನಲ್ಲಿ ಕೂಗಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಸತ್ತವಳ ಸಭೆಯಲ್ಲಿ ಚಪ್ಪಾಳೆ! ಹೇಳಿದ್ದೆಲ್ಲ ನಿಜ, ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನಿನ್ನ ಸಾವಿನ ಬಗ್ಗೆ ಅಷ್ಟು ಮಾತಾಡಿದವಳು ನಿನ್ನ ಬದುಕಿನ ಬಗ್ಗೆ, ನೀನು ಸಾಕಿದ ಜೀವಗಳ ಬಗ್ಗೆ...

ಸಭೆಯಾದ ಮುಂದಿನ ವಾರ ನಿನ್ನ ಸೊಸೆ ಸವಿತಾ ನಿಗಡಿಯ ನನ್ನ ಮನೆಗೆ ಬಂದಳು. ಊರಿನ ಆ ತುದಿಯಿಂದ ಈ ತುದಿಗೆ, ತೂತು ಕೊರೆದ ಬಿಸ್ಕತ್ತಿನ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ಡಬ್ಬಿಯೊಳಗಿಂದ ಚಿಂವ್ ಚಿಂವ್.

"ನಿಮ್ಮ ಪಾಲು ರೀ ಬಾಯಾರ," ಅಂದಳು.

"ನಾನು ಕೋಳಿ ಒಯ್ದೇ ಇಲ್ಲಲ್ಲ ಸವಿತಾ, ನನಗೆಲ್ಲಿಯ ಪಾಲು?"

"ನೀವು ಒಯ್ಯಲಿಲ್ಲಂತ ಅತ್ತಿ ನಿಮ್ಮ ಹೆಸರಿಲೆ ಒಂದು ಕೆಂಪ ಕೋಳಿ ಇಟ್ಟಿದ್ರು. ಕೋಳಿ ಬಾಯಾರದು, ಸಾಕಾಕಿ ನಾ, ಅರ್ಧ ಆಕಿಗೆ ಮುಟ್ಟಬೇಕು ಅಂತಿದ್ರು. ಮನ್ನೆ ಬೆಕ್ಕು ಆ ಕೋಳೀನ್ನ ಒಯ್ತು. ನಾ ಮುಂಜಾನೆ ಕೆಲಸಕ್ಕ ಹೋಗಾಕಿ. ತಾಯಿಲ್ಲದ ಮರಿ ಯಾರು ನೋಡ್ತಾರ? ನನ್ನ ಪಾಲು ನಮ್ಮ ಅವ್ವನ ಕಡೆ ಬಿಟ್ಟೆ. ಇವು ನಿಮ್ಮವು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ ನೀಲಕ್ಕಾ. ಪಾಲಿಗೆ ಸಾಕಲಾರೆ ಎಂದು ಪಟ್ಟು ಹಿಡಿದವಳನ್ನು ಪಾಲು ಕೊಟ್ಟ ಗೌಡತಿಯನ್ನೇ ಮಾಡಿಬಿಟ್ಟೆಯಲ್ಲ! ನೀನು ಸಾಕುವವಳು, ನಾನು ಒಡತಿ. ಗುಡ್ಡದ ಮೇಲೆ ಕೂತು ಎಷ್ಟು ನಕ್ಕಿದ್ದೀಯೋ. ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದನ್ನೂ ಹೇಳಿದಳು: "ಆ ಕೋಳಿಗೆ ನಿಮ್ಮ ಹೆಸರ ಯಾಕ ಇಟ್ರು ಗೊತ್ತೇನ್ರಿ? ಒಂದ ತತ್ತಿ ಇಟ್ರ ಗುಡ್ಡೆಲ್ಲಾ ಕೇಳಂಗ ಒದರ್ತಿತ್ತು."

ಮೊದಲ ಸಂಜೆಯೇ ಚಳಿ ಕಚ್ಚುತ್ತಿತ್ತು. ಈ ವಯಸ್ಸಿನಲ್ಲಿ ಮೊದಲ ಸಲ ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದೆ. ಮುಷ್ಟಿ ಕಟ್ಟಿ ಮೇಲೆತ್ತಿಯೇ ಗೊತ್ತಿದ್ದ ಕೈ. ಸಡಿಲ ಹಿಡಿದರೆ ಬೀಳುತ್ತದೆ, ಬಿಗಿ ಹಿಡಿದರೆ ಉಸಿರು ನಿಲ್ಲುತ್ತದೆ. ಮರಿಗೆ ಬಲ್ಬು ಹಚ್ಚಬೇಕೆಂದು ಯಾರೋ ಹೇಳಿದ್ದು ನೆನಪಿತ್ತು. ಹಚ್ಚಿದೆ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ಅದರ ಕೆಳಗೆ ಐದೂ ಮುದುರಿಕೊಂಡು ಅರಚಿದವು. ಹೊಟ್ಟೆಗಿಲ್ಲವೇನೋ ಎಂದು ನುಚ್ಚು ಸುರಿದೆ. ಅರಚಾಟ ನಿಲ್ಲಲಿಲ್ಲ. ಬಲ್ಬು ಮುಟ್ಟಿ ನೋಡಿದ ಮೇಲೆ ಗೊತ್ತಾಯಿತು, ಬೆಳಕು ಬೇಕಾದಷ್ಟಿದೆ, ಬಿಸಿ ಎಳ್ಳಷ್ಟೂ ಇಲ್ಲ. ಮೂವತ್ತು ವರ್ಷ ಮೈಕಿನ ಮುಂದೆ ನಿಂತವಳಿಗೆ ಆ ಬಲ್ಬಿನಲ್ಲಿ ಯಾರ ಮುಖ ಕಂಡಿರಬೇಕು, ಹೇಳು?

ಮರುದಿನ ಹಳೆಯ ಹಳದಿ ಬಲ್ಬು ಹುಡುಕುತ್ತ ಕ್ಯಾಂಪ್ ಪೇಟೆಯ ಅಂಗಡಿ ಅಂಗಡಿ ಅಲೆದೆ. ಎಲ್ಲರೂ ತಲೆಯಾಡಿಸಿದರು. ಕೊನೆಗೊಬ್ಬ ಮುದುಕ ಅಟ್ಟದಿಂದ ಧೂಳು ಹಿಡಿದ ಒಂದನ್ನು ಇಳಿಸಿ, "ಮುರ್ಗಿ ಕೆ ಬಚ್ಚೇ?" ಎಂದು ಕೇಳಿದ. ಹೌದು, ಕೋಳಿಮರಿಗೇ ಅಂದೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಾಗ ಎಲ್ಲಕ್ಕಿಂತ ಸಣ್ಣದು, ನೆತ್ತಿಯ ಮೇಲೆ ಕಪ್ಪು ಗೆರೆ ಇದ್ದದ್ದು, ಮೂಲೆಯಲ್ಲಿ ಮರಗಟ್ಟಿ ಬಿದ್ದಿತ್ತು. ಅದು ಒಂದು.

ಎರಡನೆಯದನ್ನು ಕೊಂದದ್ದು ನನ್ನ ತತ್ವ. ಎಲ್ಲರಿಗೂ ಒಂದೇ ತಟ್ಟೆ ಎಂದು ನಡುವೆ ಒಂದು ತಟ್ಟೆ ಇಟ್ಟಿದ್ದೆ. ನಮ್ಮ ಶಿಬಿರಗಳಲ್ಲಿ ಹಾಗೇ ಅಲ್ಲವೇ, ಎಲ್ಲ ಜಾತಿಯವರೂ ಒಂದೇ ಪಂಕ್ತಿ, ಒಂದೇ ಪಾತ್ರೆ? ಮುಂದೆ ಹುಂಜವಾದ ಮರಿ ತಟ್ಟೆಯ ನಡುವೆ ನಿಂತು ತಿಂದಿತು. ಕುಂಟುತ್ತಿದ್ದ ಮರಿಯೊಂದು ಅಂಚಿಗೆ ಬಂದಾಗಲೆಲ್ಲ ಕುಕ್ಕಿಸಿಕೊಂಡು ಹಿಂದೆ ಸರಿಯಿತು. ಹೊಂದಿಕೊಳ್ಳುತ್ತವೆ ಎಂದು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಂದಿಕೊಳ್ಳಿ! ಈ ಮಾತನ್ನು ನಮಗೆ ಯಾರು ಯಾರು ಹೇಳಿದ್ದಾರೆ, ಅವರ ಮುಖಕ್ಕೆ ನಾವು ಏನು ಹೇಳಿದ್ದೇವೆ, ನಿನಗೆ ನೆನಪಿದೆಯಲ್ಲ? ಆ ಮರಿ ಹಸಿದೇ ಸತ್ತಿತು. ತಟ್ಟೆ ತುಂಬ ನುಚ್ಚಿತ್ತು ನೀಲಕ್ಕಾ.

ಫೋನಿನಲ್ಲಿ ಸವಿತಾಳಿಗೆ ಹೇಳಿದೆ. ಅವಳು, "ಕುಂಟನ್ನ ಬ್ಯಾರೆ ಕೂಡಿಸಿ, ಮೊದಲ ಅದಕ್ಕ ಹಾಕಬೇಕಿತ್ತು ರೀ. ಅತ್ತಿ ಹಂಗ ಮಾಡ್ತಿದ್ರು," ಅಂದಳು. ಆಮೇಲೆ, "ಇರ್ಲಿ ಬಿಡ್ರಿ, ನಿಮ್ಮವೇ ಮರಿ, ಯಾರಿಗೂ ಹೇಳೂದು ಬ್ಯಾಡ," ಅಂದಳು. ಹಿಂದುಳಿದವರಿಗೆ ಮೊದಲು ಎಂದು ಗೋಡೆ ಗೋಡೆಗೆ ಬರೆದವಳು ನಾನು. ನೆಲಮಹಡಿಯ ನನ್ನ ಹಿತ್ತಲಲ್ಲಿ ಅದು ನೆನಪಾಗಲಿಲ್ಲ. ಯಾರಿಗೂ ಹೇಳುವುದು ಬೇಡವೇ? ಹಾಗಾದರೆ ನಿನ್ನ ಕಾಯ್ದೆ ಏನಾಯಿತು?

ಉಳಿದ ಮೂರು ಬದುಕಿದವು. ಒಂದು ಹುಂಜ, ಎರಡು ಹೆಣ್ಣು. ಹುಂಜ ಮೊದಲ ಸಲ ಗಂಟಲು ಒಡೆದು ಕೂಗಿದ ಬೆಳಿಗ್ಗೆ ನಾನು ಹಲ್ಲುಜ್ಜುವುದನ್ನು ಬಿಟ್ಟು ಓಡಿದೆ. ನನ್ನ ಹಿಂದೆಯೇ ನಮ್ಮ ವಸತಿ ಸೊಸೈಟಿಯ ಅಧ್ಯಕ್ಷರೂ ಓಡಿಬಂದರು. "ಮ್ಯಾಡಮ್, ಇಥೇ ಕೋಂಬಡ್ಯಾ ಚಾಲಣಾರ ನಾಹೀತ್." ಇಲ್ಲಿ ಕೋಳಿ ನಡೆಯುವುದಿಲ್ಲ. ವಾಸನೆಯಂತೆ. ಸದ್ದಂತೆ. ಒಳ್ಳೆಯ ಜನರಿರುವ ಜಾಗವಂತೆ. ಮೂರನೆಯ ಮಹಡಿಯಲ್ಲಿ ಕರುವಿನಷ್ಟು ದೊಡ್ಡ ನಾಯಿ ಹಗಲೂ ಇರುಳೂ ಬೊಗಳುತ್ತದೆ. ಎದುರುಮನೆಯ ಪಂಜರದಲ್ಲಿ ಗಿಳಿ ಕಿರುಚುತ್ತದೆ. ಪ್ರತಿ ಮನೆಯ ಫ್ರಿಜ್ಜಿನಲ್ಲಿ ಮೊಟ್ಟೆ ಸಾಲಾಗಿ ಕೂತಿದೆ. "ಹಾಗಾದರೆ ಸಾಹೇಬರೇ, ಜಾತಿ ಇರುವುದು ಕೋಳಿಗೋ, ಸಾಕುವವರಿಗೋ?" ಎಂದು ಅವರ ಮರಾಠಿಯಲ್ಲೇ ಕೇಳಿದೆ. ಮುಖ ಕೆಂಪಾಯಿತು. ಸಾಮಾನ್ಯ ಸಭೆಯಲ್ಲಿ ತೀರ್ಮಾನವಾಗಲಿ ಎಂದು ಹೊರಟುಹೋದರು.

ಆ ಸಭೆ ಈ ಭಾನುವಾರ ಇದೆ. ಕೋಳಿಗಳನ್ನು ಓಡಿಸಲು ಕೈಗಳು ಆಗಲೇ ಎಣಿಕೆಯಾಗಿವೆ ಎಂದು ಕೇಳಿದ್ದೇನೆ. ನಾನು ಭಾಷಣ ಬರೆಯಲು ಕೂತೆ. ಎರಡು ಪುಟ ತುಂಬಿದ ಮೇಲೆ ನಿನ್ನ ಕೈ ಅಡ್ಡ ಬಂದಂತಾಯಿತು. ಸಾಕು ತಂಗಿ.

ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ, ಕೇಳು. ಎರಡು ಹೆಣ್ಣುಗಳಲ್ಲಿ ಒಂದು ಅಚ್ಚ ಕೆಂಪಗೆ ಬೆಳೆದಿದೆ. ಒಂದು ತತ್ತಿ ಇಟ್ಟರೆ ನಿಗಡಿಯೆಲ್ಲ ಕೇಳುವಂತೆ ಒದರುತ್ತಿತ್ತು, ಥೇಟ್ ತಾಯಿ. ಹೋದ ವಾರದಿಂದ ಸದ್ದಿಲ್ಲ. ಕಾವಿಗೆ ಕೂತಿದೆ. ಧರಣಿಗೆ ನೀನು ಹೊತ್ತು ತಂದ ಆ ಬುಟ್ಟಿಯನ್ನೇ ಸವಿತಾಳಿಂದ ಬೇಡಿ ತಂದು ಕೂಡಿಸಿದ್ದೇನೆ. ಭಾನುವಾರ ಭಾಷಣ ಒಯ್ಯುವುದಿಲ್ಲ. ಬುಟ್ಟಿ ಒಯ್ಯುತ್ತೇನೆ. ಅಧ್ಯಕ್ಷರ ಮೇಜಿನ ಮೇಲೇ ಇಟ್ಟು, ಮೆಂಬರ್ ಬಂದಿದ್ದಾಳೆ, ಈಗ ಕೈ ಎತ್ತಿರಿ ಅನ್ನುತ್ತೇನೆ. ಸೋಲಬಹುದು. ಸೋತರೆ ಅದೇ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಾತ್ರಜದ ಬಸ್ಸು ಹತ್ತುತ್ತೇನೆ, ನಿನ್ನ ಹೊಸ್ತಿಲಲ್ಲೇ ಮರಿ ಮಾಡಿಸುತ್ತೇನೆ. ತತ್ತಿ ಎಲ್ಲಿ ಒಡೆದರೂ ಅರ್ಧ ಮರಿ ಸವಿತಾಳ ಮನೆಗೆ. ಈ ಸಲ ಒಡತಿ ಅವಳು, ಸಾಕುವವಳು ನಾನು. ಕುಂಟ ಮರಿ ಇದ್ದರೆ ಅದಕ್ಕೆ ಮೊದಲು.

ಎರಡು ಸತ್ತವು ನೀಲಕ್ಕಾ. ಒಂದು ಚಳಿಗೆ, ಒಂದು ಹಸಿವಿಗೆ. ಬಂದು ಹೇಳಿದ್ದೇನೆ. ಮುಚ್ಚಿಟ್ಟಿಲ್ಲ.

ಒಲೆಯ ಮೇಲೆ ಎರಡು ಲೋಟದಷ್ಟು ಚಹಾ ಇಟ್ಟಿದ್ದೇನೆ. ಕಾಯ್ದೆಯಂತೆ ಇನ್ನು ನೀನು...

ನಿನ್ನ ತಂಗಿ