ಮೂರನೇ ಪಾಠದ ಹಾಲು

ಜೂನ್ 18, ಬೆಳಿಗ್ಗೆ

ಎರಡನೇ ಕ್ಲಾಸಿನ ಮೂರನೇ ಪಾಠ ರೆಕಾರ್ಡ್ ಮಾಡಿದೆ. ಇವತ್ತೂ ಅಡುಗೆಮನೆಯಲ್ಲೇ. ರೂಮಿನಲ್ಲಿ ಮಗಳ ಆನ್‌ಲೈನ್ ಕ್ಲಾಸು — ಲ್ಯಾಪ್‌ಟಾಪು, ಹೆಡ್‌ಫೋನು, ಬಾಗಿಲು ಬೇರೆ ಹಾಕಿಕೊಂಡು. "ಮೆಲ್ಲಗೆ ಓದಮ್ಮಾ" ಎಂದು ನನಗೇ ಜೋರು. ನಾನು ಪಾಠ ಮಾಡುವ ಸ್ಕೂಲಿನ ಮಕ್ಕಳಿಗೆ ಇದೆಲ್ಲ ಎಲ್ಲಿಂದ ಬರಬೇಕು. ಕೊರೋನಾ ಬಂದು ಒಂದನೇ ಕ್ಲಾಸು ಅರ್ಧಕ್ಕೇ ನಿಂತು ಮನೆ ಸೇರಿದವರು. ಅಪ್ಪಂದಿರ ಫೋನಿಗೆ ನನ್ನ ದನಿ ಹೋಗುತ್ತದೆ, ಅಷ್ಟೇ.

ಓದುತ್ತಿರುವಾಗ ಹಾಲು ಉಕ್ಕಿತು. "ತಾಳಿ ಮಕ್ಕಳೇ, ಹಾಲು ಉಕ್ತಿದೆ" ಎಂದು ಒಲೆಯ ಕಡೆ ಓಡಿದೆ. ಅದೂ ರೆಕಾರ್ಡ್ ಆಗಿದೆ. ಇನ್ನೊಮ್ಮೆ ಓದುವಷ್ಟು ತಾಳ್ಮೆ ಯಾರಿಗಿದೆ... ಹಾಗೇ ಕಳಿಸಿದೆ.

ಜುಲೈ 9

ಇಸ್ತ್ರಿಯವರು ಬಟ್ಟೆ ತಂದರು. ಅವರ ಮಗಳು ಪುಟ್ಟಿ ನನ್ನ ಕ್ಲಾಸಿನವಳೇ.

"ಇಸ್ತ್ರಿ ಮಾಡೋವಾಗೆಲ್ಲ ನಿಮ್ ಪಾಠಾನೇ ಹಾಕ್ಸ್ತಾಳೆ ಮಿಸ್. ಪುಸ್ತಕ ತೊಡೆ ಮೇಲಿಟ್ಕೊಂಡು ಕೂತ್ಕೋತಾಳೆ. ನನಗೂ ಬಾಯಿಪಾಠ ಆಗ್ಹೋಗಿದೆ."

ಇಬ್ಬರೂ ನಕ್ಕೆವು. ಹೊಟ್ಟೆ ತಣ್ಣಗಾಯಿತು.

ಅಕ್ಟೋಬರ್ 21

ಮಗಳು ಇಡೀ ಕಥೆಪುಸ್ತಕ ತಾನೇ ಓದಿ ಮುಗಿಸಿದಳು. ಅವಳ ಟೀಚರ್ ದಿನಾ ಅರ್ಧ ಗಂಟೆ ಅವಳೊಬ್ಬಳನ್ನೇ ಓದಿಸುತ್ತಾರೆ. ಆ ಸ್ಕೂಲಿನ ಫೀಸಿಗೆ ಅಷ್ಟಾದರೂ ಬೇಡವೇ. ನಮ್ಮ ಮಕ್ಕಳು ಹೇಗೆ ಓದುತ್ತಾರೋ... ಒಬ್ಬರದೂ ಕೇಳಿಲ್ಲ.

ನವೆಂಬರ್ 8

ಒಂದು ವರ್ಷ ಏನೂ ಬರೆದಿಲ್ಲ. ಸ್ಕೂಲು ತೆರೆಯಿತು. ನೇರ ಮೂರನೇ ಕ್ಲಾಸು.

ಎರಡನೇ ಕ್ಲಾಸಿನ ಹಳೇ ಪುಸ್ತಕವನ್ನೇ ಓದಿಸಿದೆ. ಎಲ್ಲರೂ ಅಕ್ಷರಕ್ಕೇ ತಡಕಾಡಿದರು. ಪುಟ್ಟಿ ಮಾತ್ರ ಮೊದಲ ಪಾಠ ಅರಳು ಹುರಿದ ಹಾಗೆ ಓದಿದಳು. ಇವಳೊಬ್ಬಳಾದರೂ ಉಳಿದುಕೊಂಡಳಲ್ಲ ಎಂದು ಕಣ್ಣು ತುಂಬಿತು. ವಸತಿ ಶಾಲೆಗೆ ಒಂದು ಮಗುವನ್ನು ಆರಿಸಲು ಸಾಹೇಬರು ಬರುತ್ತಾರಂತೆ. ಊಟ, ವಸತಿ, ಪಾಠ ಎಲ್ಲಾ ಪುಕ್ಕಟೆ. ಹೆಡ್ ಮೇಡಂಗೆ ಪುಟ್ಟಿಯ ಹೆಸರು ಕೊಟ್ಟೆ.

ನವೆಂಬರ್ 15, ಮಧ್ಯಾಹ್ನ

ಸಾಹೇಬರು ಈಗಷ್ಟೇ ಹೋದರು.

ಪುಟ್ಟಿಯ ಯೂನಿಫಾರ್ಮ್ ಗರಿಗರಿ. ಅವಳಪ್ಪ ಬಾಗಿಲಾಚೆ ನಿಂತಿದ್ದರು. ಸಾಹೇಬರು ಮೂರನೇ ಪಾಠ ತೆಗೆದುಕೊಟ್ಟರು. ಪುಟ್ಟಿ ಓದತೊಡಗಿದಳು: "ಬಾತುಕೋಳಿ ಕೆರೆಗೆ ಇಳಿಯಿತು. ಮರಿಗಳು ಹಿಂದೆ ಬಂದವು. ತಾಳಿ ಮಕ್ಕಳೇ, ಹಾಲು ಉಕ್ತಿದೆ."

ನನ್ನದೇ ರಾಗ. ನಾನು ಒಲೆ ಆರಿಸಿ ಬರುವಷ್ಟು ಹೊತ್ತು ಸುಮ್ಮನೆ ನಿಂತಳು. ಮತ್ತೆ ಮುಂದುವರಿಸಿದಳು.

ಸಾಹೇಬರು ನಕ್ಕರು. ಆಮೇಲೆ 'ಕೆರೆ' ಎಂಬಲ್ಲಿ ಬೆರಳಿಟ್ಟು, "ಇದೇನಮ್ಮ?" ಎಂದರು. ಪುಟ್ಟಿ ನನ್ನ ಮುಖ ನೋಡಿದಳು. ನಾನು ಹೇಳಿದರೆ ತಾನೂ ಹೇಳುವವಳು. ಇನ್ನೊಂದು ಪದ ತೋರಿಸಿದರು. ಮತ್ತೆ ನನ್ನನ್ನೇ ನೋಡಿದಳು. ಸೀಟು ಹೋಯಿತು.

ಹೊರಗೆ ಅಪ್ಪ, "ಪೂರ್ತಿ ಕೇಳಿಸ್ತು ಮಿಸ್. ಎಲ್ಲೂ ತಡವರಿಸ್ಲಿಲ್ಲ ಅಲ್ವಾ?" ಎಂದರು.

ಇಲ್ಲ ಎಂದೆ.

ನವೆಂಬರ್ 16

ಸ್ಕೂಲು ಬಿಟ್ಟ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡೆ. ಅ ಆ ಇ ಈಯಿಂದ. ಮನೆಯಲ್ಲಿ ಮಗಳು ಗೇಣು ದಪ್ಪದ ಪುಸ್ತಕ ಹಿಡಿದಿರುತ್ತಾಳೆ. ಇಬ್ಬರಿಗೂ ಒಂದೇ ವಯಸ್ಸು.

ಸ್ಲೇಟು ನೋಡುತ್ತಲೇ ಕೇಳಿದಳು, "ಹಾಲು ಪಾಠದಲ್ಲಿ ಇಲ್ವಾ ಮಿಸ್?"

"ಇಲ್ಲ ಪುಟ್ಟಾ. ಅದು ನಮ್ಮನೇದು."

"ಎಲ್ಲಾ ಚೆಲ್ಲೋಯ್ತಾ?"

ಇಲ್ಲ, ಉಳೀತು ಎಂದೆ. ಆಗ ಅವಳ ಮುಖದಲ್ಲಿ ಎಂಥ ಸಮಾಧಾನ! ನಾನು ಸ್ಲೇಟಿನಲ್ಲಿ 'ಹಾಲು' ಎಂದು ಬರೆದು ತೋರಿಸಿದೆ.