ಕಚ್ಚುವ ದನಿಯ ಸ್ಪೀಕರ್

೧೨ ನವೆಂಬರ್ ೧೯೮೩, ಶನಿವಾರ. ಆರ್.ಟಿ. ನಗರ.

ಅಣ್ಣನ ರಕ್ತ ಉಗುರಿನ ಸಂದಿಯಿಂದ ಇನ್ನೂ ಹೋಗಿಲ್ಲ. ಎಷ್ಟು ತಿಕ್ಕಿದರೂ ಇದೆ.

ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಗೆ ಒಂದು ಸ್ಪೀಕರ್ ಆರಿಸಬೇಕಿತ್ತು. ಅಂಗಡಿಯಿಂದ ಎರಡು ತಂದು ಸಂಜೆ ನಡುಮನೆಯಲ್ಲಿ ನುಡಿಸಿ ನೋಡಿದೆ. ಒಂದರ ದನಿ ಮೆತ್ತಗೆ, ಭಾವಗೀತೆಗೆ ಸರಿ. ಇನ್ನೊಂದು ತಂತಿ ಮುಟ್ಟಿದರೆ ಸಾಕು, ಕಚ್ಚಲು ಬರುವಂತೆ ಕೂಗಿತು. ಎದೆ ನಡುಗಿತು. ಇದೇ ನನ್ನದು ಅಂದುಕೊಂಡೆ.

ಆಗಲೇ ಅಣ್ಣ ಶೇಷಗಿರಿ ಬಂದ. "ನಾಳೆ ಗಂಡಿನ ಕಡೆಯವರು ಬರ್ತಾರೆ ಕಣೇ. ಈ ದರಿದ್ರಾನ ಆಚೆ ಬಿಸಾಕು."

"ಬರ್ಲಿ, ಅವರೂ ಕೇಳಿಸ್ಕೊಳ್ಳಲಿ."

ಅವನು ಒದ್ದ. ನಾನು ಆರಿಸಿದ್ದ ಸ್ಪೀಕರಿನ ಕಾಗದದ ಪರದೆ ಹರಿದು ಅವನ ಕಾಲು ಒಳಹೊಕ್ಕಿತು. ಆಮೇಲೆ ಗಿಟಾರಿಗೆ ಕೈ ಹಾಕಿದ. ನಾನು ಉಳಿದ ಸ್ಪೀಕರನ್ನು ಎತ್ತಿ ಅವನ ಮುಖಕ್ಕೆ ಬೀಸಿದೆ. ಅದರ ಹಿಂದಿನ ಅಯಸ್ಕಾಂತ ಗುಂಡುಕಲ್ಲಿನಷ್ಟು ಭಾರ. ಮೂಗು ಮುರಿದದ್ದು ಕೇಳಿಸಿತು. ಅವನು ಬಿದ್ದ ಮೇಲೂ ಮತ್ತೆ ಎತ್ತಿದೆ. ಅಮ್ಮ ಓಡಿಬಂದು ಕೈ ಹಿಡಿದಳು. "ಸಾಕು ಗೋದಾ, ಸತ್ತೋಗ್ತಾನೆ!"

ಅಪ್ಪ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಮ್ಮ ನೆಲ ಒರೆಸುತ್ತಾ, "ನಾಳೆ ಬರೋರಿಗೆ ಏನ್ ಹೇಳ್ಲೇ?" ಎಂದಳು.

"ನಡೆದಿದ್ದನ್ನೇ ಹೇಳಮ್ಮ."

ಅಮ್ಮ ಬಟ್ಟೆ ಹಿಂಡಿಟ್ಟು ಎದ್ದಳು. ಪಕ್ಕದ ಮನೆಗೆ ಹೋಗಿ ಫೋನ್ ಮಾಡಿ, ಬರಬೇಡಿ ಎಂದು ಹೇಳಿ ಬಂದಳು.

ಗೆದ್ದೆ ಅನ್ನಿಸಬೇಕಿತ್ತು. ಆದರೆ ಎರಡನೇ ಸಲ ಎತ್ತಿದಾಗ ನನಗೆ ಹಿತವಾಗಿತ್ತು. ಅಮ್ಮ ಕೈ ಹಿಡಿಯದೆ ಇದ್ದಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲ.